ಕಡಿದದ್ದು ಯಾರು ಅಂತ ಗಿಡಕ್ಕೆ ಗೊತ್ತಾಗುತ್ತದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಉಡುಪಿ ಕಟಪಾಡಿ ಹತ್ತಿರದ ಮಟ್ಟು. ಮಳೆ ಮುಗಿದ ಮೇಲೆ ಗುಳ್ಳ ಬದನೆ ಮಾಡುತ್ತೇವೆ, ಮನೆಖರ್ಚಿಗೆ ಸ್ವಲ್ಪ ಅಲಸಂಡೆ, ಅಂಗಳದ ಬದಿಯಲ್ಲಿ ಮಲ್ಲಿಗೆ. ಎಲೆ ತಿನ್ನುವ ಹುಳು ಬಿದ್ದ ಗುಳ್ಳದ ಗಿಡ ವಾರದಲ್ಲಿ ಸುಧಾರಿಸಿಕೊಳ್ಳುತ್ತದೆ, ಹುಳುವೇ ಸೊರಗಿದ ಹಾಗೆ ಕಾಣುತ್ತದೆ. ಬಿಳಿನೊಣ ಕೂತ ಗಿಡ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತದೆ. ಪಕ್ಕದ ಗಿಡಕ್ಕೂ ಬೇಗ ಹರಡುತ್ತದೆ. "ಹುಳು ಕಚ್ಚಿದರೆ ಗಿಡ ಕಹಿಯಾಗುತ್ತದೆ" ಅಂತ ಅಮ್ಮ ಹೇಳುತ್ತಾರೆ. ಹೌದಾ? ಯಾವ ಹುಳು ಕಚ್ಚಿತು ಅಂತ ಗಿಡಕ್ಕೆ ಗೊತ್ತಾಗುತ್ತದಾ? ಇದೆಲ್ಲ ಜೀನ್‌ನಲ್ಲೇ ಇದೆ ಅಂತಾದರೆ ಮತ್ತೆ ಮದ್ದು ಯಾಕೆ ಸಿಂಪಡಿಸಬೇಕು?

ಉತ್ತರ: ಅಮ್ಮನ ಮಾತು ಬಹಳ ಮಟ್ಟಿಗೆ ಸರಿ. ಹುಳು ಕಚ್ಚಿದ ಮೇಲೆ ಗಿಡ ಮೊದಲಿನ ಹಾಗೆ ಇರುವುದಿಲ್ಲ. ಕಹಿ ಅನ್ನುವುದಕ್ಕಿಂತ, ಹುಳುವಿನ ಹೊಟ್ಟೆಗೆ ಒಗ್ಗದ ಹಾಗೆ ಆಗುತ್ತದೆ ಅಂದರೆ ಇನ್ನೂ ಸರಿ. ಎರಡನೇ ಪ್ರಶ್ನೆಗೂ ಹೌದು ಅಂತಲೇ ಉತ್ತರ. ಅಗಿಯುವ ಹುಳು ಬಂದರೆ ಗಿಡ ಒಂದು ಬಗೆಯಲ್ಲಿ ಎದುರು ನಿಲ್ಲುತ್ತದೆ, ರಸ ಹೀರುವ ಹುಳು ಬಂದರೆ ಇನ್ನೊಂದು ಬಗೆಯಲ್ಲಿ. ತೊಂದರೆ ಶುರುವಾಗುವುದೂ ಇಲ್ಲೇ. ಈ ಎರಡು ಬಗೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ನಿಮ್ಮ ಬಿಳಿನೊಣದ ಗಿಡದ ಕತೆ ಬಹುಶಃ ಅದೇ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಜೀನ್ ಬಗ್ಗೆ ಒಂದು ಮಾತು. ಹುಳು ಕಚ್ಚಿದಾಗ ಗಿಡದ ಜೀನ್ ಬದಲಾಗುವುದಿಲ್ಲ. ಎಲೆಯಲ್ಲಿ, ಬೇರಿನಲ್ಲಿ, ಹೂವಿನಲ್ಲಿ ಇರುವುದು ಅವೇ ಜೀನ್‌ಗಳು. ಯಕ್ಷಗಾನ ಮೇಳದ ಪೆಟ್ಟಿಗೆಯಲ್ಲಿ ಎಲ್ಲಾ ವೇಷದ ಸಾಮಾನೂ ಇರುತ್ತದೆ, ಆದರೆ ಇವತ್ತಿನ ಪ್ರಸಂಗಕ್ಕೆ ಬೇಕಾದದ್ದು ಮಾತ್ರ ಹೊರಗೆ ಬರುತ್ತದೆ ಅಲ್ವಾ? ಹಾಗೇ ಇದು. ಸುಮ್ನೆ ಮಲಗಿದ್ದ ಕೆಲವು ಜೀನ್‌ಗಳು ಎದ್ದು ಕೆಲಸ ಶುರು ಮಾಡುತ್ತವೆ, ಕೆಲಸ ಮಾಡುತ್ತಿದ್ದ ಕೆಲವು ನಿಲ್ಲುತ್ತವೆ. ಯಾವುದು ಏಳಬೇಕು, ಯಾವುದು ನಿಲ್ಲಬೇಕು ಅನ್ನುವುದು ಕಚ್ಚಿದವರು ಯಾರು ಅನ್ನುವುದರ ಮೇಲೆ ಹೋಗುತ್ತದೆ.

ಇದು ಮೊದಲು ಸ್ಪಷ್ಟವಾಗಿ ಕಂಡದ್ದು 1972ರಲ್ಲಿ, ಅಮೆರಿಕದ ಕ್ಲಾರೆನ್ಸ್ ರಯಾನ್ ಅವರ ಲ್ಯಾಬಿನಲ್ಲಿ. ಅವರು ನೋಡಿದ್ದು ಆಲೂಗಡ್ಡೆ ಮತ್ತು ಟೊಮೆಟೊ ಗಿಡಗಳನ್ನು. ಎರಡೂ ನಮ್ಮ ಬದನೆಯ ಕುಟುಂಬದವೇ. ಒಂದು ಎಲೆಯನ್ನು ದುಂಬಿ ತಿಂದರೆ, ಸ್ವಲ್ಪ ಹೊತ್ತಿನ ಮೇಲೆ ಆ ಎಲೆಯಲ್ಲಿ ಮಾತ್ರ ಅಲ್ಲ, ಯಾರೂ ಮುಟ್ಟದ ದೂರದ ಎಲೆಗಳಲ್ಲೂ ಒಂದು ಬಗೆಯ ಪ್ರೊಟೀನ್ ತುಂಬಿಕೊಳ್ಳುತ್ತಿತ್ತು. ಹುಳು ತಿಂದ ಎಲೆ ಜೀರ್ಣವಾಗಬೇಕಾದರೆ ಅದರ ಹೊಟ್ಟೆಯಲ್ಲಿ ಪ್ರೊಟೀನನ್ನು ತುಂಡು ಮಾಡುವ ಕಿಣ್ವಗಳು ಕೆಲಸ ಮಾಡಬೇಕು. ಗಿಡ ಮಾಡಿದ ಈ ಪ್ರೊಟೀನ್ ಆ ಕಿಣ್ವಗಳಿಗೇ ಹೋಗಿ ಅಂಟಿಕೊಳ್ಳುತ್ತದೆ, ಕತ್ತರಿಯ ಬಾಯಿಗೆ ಬಟ್ಟೆ ಸಿಕ್ಕಿಕೊಂಡ ಹಾಗೆ. ಹುಳು ತಿನ್ನುತ್ತಲೇ ಇರುತ್ತದೆ, ಆದರೆ ಮೈಗೆ ಹತ್ತುವುದಿಲ್ಲ. ನೀವು ಕಂಡ ಸೊರಗಿದ ಹುಳುವಿಗೆ ಇದೂ ಒಂದು ಕಾರಣ ಇರಬಹುದು.

ಆದರೆ ತಿಂದ ಎಲೆಯ ಸುದ್ದಿ ದೂರದ ಎಲೆಗೆ ಮುಟ್ಟುವುದು ಹೇಗೆ? ಇಲ್ಲಿ ನಿಮ್ಮ ಅಂಗಳದ ಮಲ್ಲಿಗೆ ಬರುತ್ತದೆ. ಮಲ್ಲಿಗೆಗೆ ಹೆಸರಾದ ಶಂಕರಪುರದ ಕಡೆಯವರಿಗೆ ಹೂ ಮಾರುವ ಅಟ್ಟೆ, ಚೆಂಡಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಪರಿಮಳವನ್ನೇ ಬಿಡಿಸಿ ನೋಡುತ್ತಾ ಹೋದವರಿಗೆ 1962ರಲ್ಲಿ ಒಂದು ಹೊಸ ವಸ್ತು ಸಿಕ್ಕಿತು. ಅವರು ತೆಗೆದುಕೊಂಡದ್ದು ಜಾಜಿಯ ಎಣ್ಣೆ, ನಮ್ಮ ಮಲ್ಲಿಗೆಯ ಒಡಹುಟ್ಟು. ಸಿಕ್ಕಿದ ವಸ್ತುವಿಗೆ ಜಾಸ್ಮಿನ್ ಹೆಸರನ್ನೇ ಹಿಡಿದು ಮೀಥೈಲ್ ಜಾಸ್ಮೊನೇಟ್ ಅಂತ ಕರೆದರು. ಆಗ ಅದು ಸುಗಂಧದ ಅಂಗಡಿಯ ಸರಕು ಅಷ್ಟೆ. ಅದರ ಹತ್ತಿರದ ಸಂಬಂಧಿಯಾದ ಜಾಸ್ಮೊನಿಕ್ ಆಮ್ಲ ಹೆಚ್ಚುಕಡಿಮೆ ಎಲ್ಲಾ ಗಿಡಗಳ ಒಳಗೂ ಇದೆ, ಹುಳು ಕಡಿದಾಗ ಕೂಗು ಹಾಕುವ ಹಾರ್ಮೋನು ಅದೇ ಅಂತ ಗೊತ್ತಾಗಲು ಮುಂದೆ ಸುಮಾರು ಮೂವತ್ತು ವರ್ಷ ಬೇಕಾಯಿತು. ನಾನು ಓದುವ ಕಾಲದಲ್ಲಿ ಇದನ್ನು ಮೊದಲ ಸಲ ತಿಳಿದ ದಿನ ಬಸ್ಸಿನಲ್ಲಿ ಎದುರು ಕೂತವರ ಮುಡಿಯ ಮಲ್ಲಿಗೆಯನ್ನು ಬೇರೆಯೇ ಕಣ್ಣಿನಿಂದ ನೋಡಿದ್ದು ಈಗಲೂ ನೆನಪಿದೆ.

ಜಾಸ್ಮೊನಿಕ್ ಆಮ್ಲ ಕೆಲಸ ಮಾಡುವ ಕ್ರಮ ಚೆನ್ನಾಗಿದೆ. ಕಾಪಾಡುವ ಜೀನ್‌ಗಳನ್ನು ಎಬ್ಬಿಸುವ ಪ್ರೊಟೀನ್ ಎಲೆಯಲ್ಲಿ ಯಾವಾಗಲೂ ಇರುತ್ತದೆ. ಆದರೆ ಅದನ್ನು ಇನ್ನೊಂದು ಪ್ರೊಟೀನ್ ಅದುಮಿ ಹಿಡಿದಿರುತ್ತದೆ. ಬಾಟಲಿಯ ಬಾಯಿಗೆ ಬಿರಡೆ ಇದ್ದ ಹಾಗೆ. ಹುಳು ಕಚ್ಚಿ ಜಾಸ್ಮೊನಿಕ್ ಆಮ್ಲ ಏರಿದಾಗ ಆ ಬಿರಡೆಯನ್ನು ಗಿಡವೇ ಕರಗಿಸಿಬಿಡುತ್ತದೆ. ಕೂಡಲೇ ಸಾಲು ಸಾಲು ಜೀನ್‌ಗಳು ಏಳುತ್ತವೆ. ಈ ಬಿರಡೆ ಯಾವುದು ಅಂತ ಪತ್ತೆಯಾದದ್ದು 2007ರಲ್ಲಿ. ಹೊಸದಾಗಿ ಎಲ್ಲವನ್ನೂ ಕಟ್ಟಿಕೊಂಡು ಹೊರಡುವ ಬದಲು, ಸಿದ್ಧವಾಗಿ ಕೂತವನನ್ನು ಬಿಡುವುದು ಬೇಗ ಆಗುತ್ತದೆ. ಓಡಿ ತಪ್ಪಿಸಿಕೊಳ್ಳಲು ಆಗದ ಜೀವಕ್ಕೆ ಅಷ್ಟು ಬೇಗ ಬೇಕೇ ಬೇಕು.

ಎಷ್ಟು ಬೇಗ? 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೊಯೋಟಾ, ಗಿಲ್ರಾಯ್ ಮತ್ತು ಜೊತೆಯವರು ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಅವರ ಗಿಡ ಅರಾಬಿಡಾಪ್ಸಿಸ್, ಸಾಸಿವೆ ಕುಟುಂಬದ ಸಣ್ಣ ಕಳೆ. ಕ್ಯಾಲ್ಸಿಯಂ ಏರಿದ ಜಾಗ ಹೊಳೆಯುವಂತೆ ಆ ಗಿಡವನ್ನು ತಯಾರು ಮಾಡಿದ್ದರು. ಮರಿಹುಳು ಎಲೆಯನ್ನು ಕತ್ತರಿಸಿದ ಕ್ಷಣ ಗಾಯದ ಹತ್ತಿರ ಬೆಳಕು ಹತ್ತುತ್ತದೆ. ಅದು ತೊಟ್ಟಿನ ಮೂಲಕ ಇಳಿದು, ಒಂದೆರಡು ನಿಮಿಷದಲ್ಲಿ ದೂರದ ಎಲೆಯಲ್ಲಿ ಹರಡುತ್ತದೆ. ಈ ಅಲೆಯನ್ನು ಎಬ್ಬಿಸುವುದು ಗಾಯದಲ್ಲಿ ಸೋರುವ ಗ್ಲುಟಮೇಟ್. ಗೋಬಿ ಮಂಚೂರಿಗೆ ಹಾಕುವ ಅಜಿನೊಮೊಟೊ ಅದರದ್ದೇ ಉಪ್ಪು. ನಮ್ಮ ಮೆದುಳಿನ ನರಗಳು ಸುದ್ದಿ ದಾಟಿಸುವುದೂ ಇದೇ ವಸ್ತುವಿನಿಂದ. ಗಿಡಕ್ಕೆ ನರ ಇಲ್ಲ, ಆದರೂ ಸುದ್ದಿ ಓಡುತ್ತದೆ.

ಇಷ್ಟಾದರೆ ಕತ್ತರಿಯಿಂದ ಎಲೆ ಕತ್ತರಿಸಿದರೂ, ಹುಳು ಕತ್ತರಿಸಿದರೂ ಗಿಡಕ್ಕೆ ಒಂದೇ ಆಗಬೇಕಿತ್ತು. ಗಾಯ ಗಾಯವೇ ಅಲ್ವಾ? ಆದರೆ ಹಾಗಲ್ಲ. ವ್ಯತ್ಯಾಸ ಇರುವುದು ಹುಳುವಿನ ಎಂಜಲಿನಲ್ಲಿ.

ನೀವು ಬೆಳೆಯುವ ಅಲಸಂಡೆಯೇ ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉದಾಹರಣೆ. ಮರಿಹುಳುವನ್ನು ಚಿಮಟದಲ್ಲಿ ಮೆಲ್ಲಗೆ ಹಿಡಿದರೆ ಅದು ಬಾಯಿಯಿಂದ ಹಸಿರು ಹನಿಯೊಂದನ್ನು ಕಕ್ಕುತ್ತದೆ. ಲ್ಯಾಬಿನಲ್ಲಿ ಆ ಹನಿಯನ್ನು ಕೂದಲಿನಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ಹಿಡಿಯುತ್ತಿದ್ದೆವು. ಆಮೇಲೆ ಎರಡು ಎಲೆಗಳ ಮೇಲೆ ಬ್ಲೇಡಿನಿಂದ ಒಂದೇ ಅಳತೆಯ ಗೀರು. ಒಂದರ ಮೇಲೆ ನೀರು, ಇನ್ನೊಂದರ ಮೇಲೆ ಆ ಹಸಿರು ಹನಿ. ನೋಡಲು ಎರಡೂ ಎಲೆ ಒಂದೇ ತರ ಇರುತ್ತವೆ. ಒಳಗೆ ಅಳೆದರೆ ಹನಿ ಬಿದ್ದ ಎಲೆಯ ಕೂಗು ಎಷ್ಟೋ ಜೋರು.

ಆ ಹನಿಯಲ್ಲಿ ಅಂಥದ್ದೇನಿದೆ ಅಂತ ಹುಡುಕಿದವರಿಗೆ 2006ರಲ್ಲಿ ಸಿಕ್ಕಿದ್ದು ಇನ್ಸೆಪ್ಟಿನ್ ಅನ್ನುವ ಪುಟ್ಟ ತುಂಡು. ಸೈನಿಕ ಹುಳುವಿನ ಎಂಜಲಿನಲ್ಲಿ ಅದು ಇತ್ತು. ಆಶ್ಚರ್ಯ ಏನೆಂದರೆ ಅದು ಹುಳುವಿನದ್ದಲ್ಲ, ಅಲಸಂಡೆಯದ್ದೇ. ಎಲೆಯ ಹಸಿರು ಕಣಗಳಲ್ಲಿ ಶಕ್ತಿ ತಯಾರಿಸುವ ಒಂದು ಪ್ರೊಟೀನ್ ಇದೆ. ಹುಳು ಎಲೆ ತಿಂದಾಗ ಅದರ ಹೊಟ್ಟೆಯಲ್ಲಿ ಆ ಪ್ರೊಟೀನ್ ತುಂಡಾಗುತ್ತದೆ. ತುಂಡು ಎಂಜಲಿನ ಜೊತೆ ವಾಪಸ್ ಗಾಯದ ಮೇಲೆ ಬೀಳುತ್ತದೆ. ತನ್ನದೇ ಪ್ರೊಟೀನ್ ಹುಳುವಿನ ಹೊಟ್ಟೆಗೆ ಹೋಗಿ ಬಂದಿದೆ ಅಂತ ಗಿಡ ಅದರ ಆಕಾರದಿಂದಲೇ ಹಿಡಿಯುತ್ತದೆ. ಕತ್ತರಿಗೆ ಹೊಟ್ಟೆ ಇಲ್ಲ, ಗಾಳಿಗೆ ಹೊಟ್ಟೆ ಇಲ್ಲ. ಈ ತುಂಡು ಬಂತೆಂದರೆ ತಿನ್ನುತ್ತಿರುವುದು ಹುಳುವೇ. ಆ ತುಂಡನ್ನು ಹಿಡಿಯುವ ಅಲಸಂಡೆಯ ಜೀನ್ 2020ರಲ್ಲಿ ಪತ್ತೆಯಾಯಿತು. ಅದು ಕೆಲವೇ ದ್ವಿದಳ ಧಾನ್ಯದ ಗಿಡಗಳಲ್ಲಿ ಇದೆ. ನಿಮ್ಮ ಬದನೆಯಲ್ಲಿ ಇಲ್ಲ. ಬದನೆ ಕುಟುಂಬಕ್ಕೆ ಅದರದ್ದೇ ಬೇರೆ ಗುರುತುಗಳಿವೆ. ಟೊಮೆಟೊ ಗಿಡ ಗಾಯದ ಜಾಗದಲ್ಲಿ ಸಿಸ್ಟಮಿನ್ ಅಂತ 18 ಕೊಂಡಿಯ ಪುಟ್ಟ ಪ್ರೊಟೀನೊಂದನ್ನು ಬಿಡುತ್ತದೆ, ಅದನ್ನು 1991ರಲ್ಲಿ ತೋರಿಸಿಕೊಟ್ಟದ್ದೂ ರಯಾನ್ ಅವರ ಲ್ಯಾಬೇ. ಇಡೀ ಗಿಡಲೋಕಕ್ಕೆ ಒಂದೇ ಕಾನೂನು ಅಂತ ಇಲ್ಲ. ಒಂದೊಂದು ಕುಟುಂಬ ತನ್ನ ಶತ್ರುವನ್ನು ನೋಡಿ ನೋಡಿ ಕಲಿತ ವಿದ್ಯೆ ಇದು.

ಈಗ ಹೀರುವವರ ಕಡೆ ಬರೋಣ.

ಸಸ್ಯಹೇನು, ಬಿಳಿನೊಣ, ಭತ್ತದ ಕಂದು ಜಿಗಿಹುಳು ಇವುಗಳ ಕ್ರಮವೇ ಬೇರೆ. ಇವು ಎಲೆಯನ್ನು ಕತ್ತರಿಸುವುದಿಲ್ಲ. ಸೂಜಿಯಂಥ ಬಾಯಿಯನ್ನು ಕೋಶಗಳ ನಡುವಿನ ಸಂದಿಯಲ್ಲಿ ಮೆಲ್ಲಗೆ ತೂರಿಸಿ, ಸಕ್ಕರೆ ಹರಿಯುವ ನಾಳಕ್ಕೆ ಹಾಕಿ, ದಿನಗಟ್ಟಲೆ ಕೂರುತ್ತವೆ. ಗಾಯ ಬಹಳ ಸಣ್ಣದು. ಗ್ಲುಟಮೇಟ್ ಸೋರುವುದು ಕಡಿಮೆ, ಕೂಗೂ ಕಡಿಮೆ. ಇಂಥವು ಬಂದಾಗ ಗಿಡ ಸಾಮಾನ್ಯವಾಗಿ ರೋಗಾಣು ಹೊಕ್ಕಾಗ ಮಾಡುವ ಕೆಲಸವನ್ನೇ ಮಾಡುತ್ತದೆ. ಅಲ್ಲಿ ಮುಂದೆ ನಿಲ್ಲುವ ಹಾರ್ಮೋನು ಸ್ಯಾಲಿಸಿಲಿಕ್ ಆಮ್ಲ. ತಲೆನೋವಿಗೆ ನುಂಗುವ ಆಸ್ಪಿರಿನ್ ಇದರ ಸಂಬಂಧಿ.

2005ರಲ್ಲಿ ನೆದರ್‌ಲ್ಯಾಂಡಿನ ಯುಟ್ರೆಕ್ಟ್‌ನ ಸಂಶೋಧಕರು ಒಂದೇ ಗಿಡದ ಮೇಲೆ ಬೇರೆ ಬೇರೆ ಶತ್ರುಗಳನ್ನು ಬಿಟ್ಟು ಜೀನ್ ಲೆಕ್ಕ ಹಾಕಿದರು. ಅದೇ ಅರಾಬಿಡಾಪ್ಸಿಸ್ ಗಿಡ, ಅದರಲ್ಲಿ ಇರುವುದು ಸುಮಾರು 27,000 ಜೀನ್. ಎಲೆಕೋಸಿನ ಹುಳು ತಿಂದಾಗ ಚಟುವಟಿಕೆ ಬದಲಿಸಿದ ಜೀನ್‌ಗಳು 200ಕ್ಕಿಂತ ಸ್ವಲ್ಪ ಕಡಿಮೆ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಕೆರೆದು ಹೀರಿದಾಗಲೂ ಸುಮಾರು ಅಷ್ಟೇ. ಸಸ್ಯಹೇನು ಕೂತಾಗ ಮಾತ್ರ 2,000ಕ್ಕಿಂತ ಜಾಸ್ತಿ! ಕಣ್ಣಿಗೆ ಗಾಯವೇ ಕಾಣದ ಹೇನು ಒಳಗೆ ಇಷ್ಟೊಂದು ಗಲಿಬಿಲಿ ಎಬ್ಬಿಸಿತ್ತು. ಆದರೆ ಜಾಸ್ತಿ ಜೀನ್ ಎದ್ದರೆ ಜಾಸ್ತಿ ರಕ್ಷಣೆ ಅಂತ ತಿಳಿಯಬೇಡಿ. ಆ ಗಲಿಬಿಲಿಯಲ್ಲಿ ಎಷ್ಟು ಗಿಡದ ಎದುರೇಟು, ಎಷ್ಟು ಹೇನೇ ತನ್ನ ಅನುಕೂಲಕ್ಕೆ ಮಾಡಿಸಿಕೊಂಡದ್ದು ಅಂತ ಬಿಡಿಸಿ ಹೇಳುವುದು ಕಷ್ಟ. ನನ್ನ ಅಭಿಪ್ರಾಯದಲ್ಲಿ ಹೇನುಗಳ ವಿಷಯದಲ್ಲಿ ಎರಡನೆಯದ್ದೇ ಪಾಲು ದೊಡ್ಡದು.

ಬಿಳಿನೊಣದ ವಿಷಯದಲ್ಲಂತೂ ಅನುಮಾನವೇ ಇಲ್ಲ. ಮೊದಲೇ ಹೇಳಿದೆ, ಎರಡು ಉತ್ತರಗಳು ಒಂದಕ್ಕೊಂದು ಅಡ್ಡ ಅಂತ. ಅನೇಕ ಗಿಡಗಳಲ್ಲಿ ಸ್ಯಾಲಿಸಿಲಿಕ್ ದಾರಿ ಏರಿದರೆ ಜಾಸ್ಮೊನಿಕ್ ದಾರಿ ಇಳಿಯುತ್ತದೆ. ಬಿಳಿನೊಣದ ಮರಿಗೆ ನಿಜವಾಗಿ ತೊಂದರೆ ಕೊಡುವುದು ಜಾಸ್ಮೊನಿಕ್ ದಾರಿ. ಹಾಗಾಗಿ ಅದು ಗಿಡದಲ್ಲಿ ಸ್ಯಾಲಿಸಿಲಿಕ್ ಏರಿಸುತ್ತದೆ. ಗಿಡಕ್ಕೆ ತಾನು ಹೋರಾಡುತ್ತಿದ್ದೇನೆ ಅಂತಲೇ ಅನಿಸುತ್ತದೆ, ಆದರೆ ಹಿಡಿದಿರುವುದು ಬೇಡದ ಆಯುಧ. ಇದನ್ನು 2007ರಲ್ಲಿ ಅರಾಬಿಡಾಪ್ಸಿಸ್‌ನಲ್ಲೇ ತೋರಿಸಿದರು. ಜಾಸ್ಮೊನಿಕ್ ಇಳಿದ ಗಿಡಕ್ಕೆ ಎಲೆ ತಿನ್ನುವ ಹುಳು ಬಂದರೂ ಎದುರಿಸಲು ಕಷ್ಟ. ಎಲೆ ತಿಂದ ಗಿಡ ಸುಧಾರಿಸುತ್ತದೆ, ಬಿಳಿನೊಣದ ಗಿಡ ಇಳಿಯುತ್ತದೆ ಅಂತ ನೀವು ಬರೆದದ್ದು ಈ ಚಿತ್ರಕ್ಕೆ ಸರಿಯಾಗಿ ಕೂರುತ್ತದೆ. ಇದರ ಮೇಲೆ ಹೀರಿದ ಸಕ್ಕರೆಯ ನಷ್ಟ ಬೇರೆ. ಬಿಳಿನೊಣ ಇರುವ ಎಲೆಯ ಕೆಳಗಿನ ಎಲೆಯನ್ನು ಮುಟ್ಟಿ ನೋಡಿ, ಕೈಗೆ ಅಂಟಂಟು. ಅದು ಬಿಳಿನೊಣ ಹೀರಿ ಹೊರಗೆ ಬಿಟ್ಟ ಸಕ್ಕರೆ ನೀರು. ಅದರ ಮೇಲೆ ಕರಿ ಬೂಸ್ಟು ಬರುತ್ತದೆ. 2016ರ ನಂತರ ನಮ್ಮ ಕರಾವಳಿಯ ತೆಂಗಿನ ಗರಿಗಳೆಲ್ಲ ಕಪ್ಪಾದದ್ದೂ ಹೀಗೇ, ಅಲ್ಲಿ ಸುರುಳಿ ಬಿಳಿನೊಣ.

ಬಿಳಿನೊಣದ ಇನ್ನೊಂದು ಸುದ್ದಿ ಕೇಳಿದರೆ ನಿಮಗೆ ಸಿಟ್ಟು ಬರಬಹುದು. ಗಿಡಗಳು ತಮ್ಮ ವಿಷ ತಮಗೇ ತಾಗದ ಹಾಗೆ ಅದಕ್ಕೊಂದು ಮುಚ್ಚಳ ಹಾಕಿ ಇಟ್ಟುಕೊಳ್ಳುತ್ತವೆ. ಆ ಮುಚ್ಚಳ ಹಾಕುವ ಜೀನ್ ಬಿಳಿನೊಣದ ಮೈಯಲ್ಲೂ ಇದೆ. ಕೋಟ್ಯಂತರ ವರ್ಷಗಳ ಹಿಂದೆ ಅದು ಗಿಡದಿಂದ ಬಿಳಿನೊಣಕ್ಕೆ ದಾಟಿಬಿಟ್ಟಿತ್ತು. ಗಿಡದ ವಿಷವನ್ನು ಗಿಡದ್ದೇ ಜೀನ್ ಇಟ್ಟುಕೊಂಡು ತಣ್ಣಗೆ ಮಾಡುತ್ತದೆ. ಚೀನಾದ ವಿಜ್ಞಾನಿಗಳು 2021ರಲ್ಲಿ ಇದನ್ನು ಹೊರಗೆ ತಂದರು.

ಪಕ್ಕದ ಗಿಡಕ್ಕೆ ಬೇಗ ಹರಡುತ್ತದೆ ಅಂದಿರಿ. ಬಿಳಿನೊಣ ಹಾರುತ್ತದೆ, ಅದೊಂದು ಕಾರಣ. ಇನ್ನೊಂದು ಕಾರಣ ವಾಸನೆ. ಕಚ್ಚಿಸಿಕೊಂಡ ಗಿಡ ಗಾಳಿಗೆ ಬಗೆಬಗೆಯ ವಾಸನೆ ಬಿಡುತ್ತದೆ. 1990ರಲ್ಲಿ ರಯಾನ್ ಮತ್ತು ಎಡ್ವರ್ಡ್ ಫಾರ್ಮರ್ ಮುಚ್ಚಿದ ಪೆಟ್ಟಿಗೆಯಲ್ಲಿ ಟೊಮೆಟೊ ಗಿಡದ ಪಕ್ಕ, ಮೀಥೈಲ್ ಜಾಸ್ಮೊನೇಟ್ ಬಿಡುವ ಒಂದು ಕಾಡುಪೊದೆಯ ಕೊಂಬೆ ಇಟ್ಟರು. ಕೊಂಬೆ ತಾಗದೆ, ಬರೇ ಗಾಳಿಯಿಂದಲೇ ಟೊಮೆಟೊ ಎಲೆಯಲ್ಲಿ ಹುಳುವಿನ ಹೊಟ್ಟೆ ಕೆಡಿಸುವ ಪ್ರೊಟೀನ್ ತುಂಬಿತು. ಮೆಕ್ಕೆಜೋಳದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮರಿಹುಳುವಿನ ಎಂಜಲು ತಾಗಿದ ಜೋಳದ ಗಿಡ ಬಿಡುವ ವಾಸನೆ ಹಿಡಿದು ಸಣ್ಣ ಕಣಜ ಹುಡುಕಿಕೊಂಡು ಬರುತ್ತದೆ, ಬಂದು ಮರಿಹುಳುವಿನ ಮೈಯಲ್ಲಿ ಮೊಟ್ಟೆ ಇಡುತ್ತದೆ. ಎಂಜಲಿನ ಆ ವಸ್ತುವನ್ನು 1997ರಲ್ಲಿ ಗುರುತಿಸಿದರು.

ಬಿಳಿನೊಣ ಈ ಸುದ್ದಿಯನ್ನೂ ಕೆಡಿಸುತ್ತದೆ. ಬಿಳಿನೊಣ ಕೂತ ಟೊಮೆಟೊ ಗಿಡ ಬಿಡುವ ವಾಸನೆ ಪಕ್ಕದ ಗಿಡಕ್ಕೆ ತಪ್ಪು ಸುದ್ದಿ ಮುಟ್ಟಿಸುತ್ತದೆ. ಆ ಗಿಡ ಸ್ಯಾಲಿಸಿಲಿಕ್ ದಾರಿಗೆ ತಯಾರಾಗಿ ಕೂರುತ್ತದೆ, ಜಾಸ್ಮೊನಿಕ್ ದಾರಿ ಕುಗ್ಗುತ್ತದೆ. ಆಮೇಲೆ ಬಂದ ಬಿಳಿನೊಣಕ್ಕೆ ಅಲ್ಲಿ ಇನ್ನೂ ಸಲೀಸು. 2019ರಲ್ಲಿ ಕಂಡುಕೊಂಡದ್ದು ಇದು. ಗುಳ್ಳದ ಮೇಲೆ ಇದೇ ಪ್ರಯೋಗ ಮಾಡಿದ್ದಲ್ಲ, ಆದರೆ ಟೊಮೆಟೊ ಅದರ ಹತ್ತಿರದ ನೆಂಟ.

ಮಳೆಗಾಲದ ಏಣೆಲು ಬೆಳೆಗೆ ಭತ್ತ ಮಾಡುವವರೂ ಇದನ್ನು ಓದುತ್ತಾರೆ, ಹಾಗಾಗಿ ಭತ್ತದ ಎರಡು ಹುಳುಗಳ ಮಾತನ್ನೂ ಹೇಳುತ್ತೇನೆ. ಒಂದು ಕಣೆ ಕೀಟ. ಇದರ ಮರಿ ಸುಳಿಯ ಬುಡದಲ್ಲಿ ಕೂತು ಭತ್ತದ ಬೆಳವಣಿಗೆಯ ಜೀನ್‌ಗಳನ್ನೇ ತಿರುಗಿಸುತ್ತದೆ. ತೆನೆ ಬರಬೇಕಾದಲ್ಲಿ ಈರುಳ್ಳಿ ಎಲೆಯ ಹಾಗೆ ಟೊಳ್ಳು ಕೊಳವೆ ಬರುತ್ತದೆ. ಕೊಳವೆ ಕಟ್ಟುವುದು ಗಿಡವೇ, ಕಟ್ಟಿಸಿಕೊಳ್ಳುವುದು ಹುಳು. ನಿಮ್ಮ ಮಲ್ಲಿಗೆ ಎಲೆಯ ಮೇಲೆ ಬಿಳಿ ಉಣ್ಣೆ ಅಂಟಿದ ಹಾಗೆ ಕಂಡರೆ ಅದೂ ಇದೇ ಜಾತಿಯ ಕೆಲಸ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಎಲೆಯಿಂದ ಕೂದಲು ಬೆಳೆಸಿಕೊಂಡು ಅದರೊಳಗೆ ಇರುತ್ತದೆ. ಕೆಲವು ಭತ್ತದ ತಳಿಗಳಲ್ಲಿ ಕಣೆ ಕೀಟದ ಮರಿ ಬಂದು ಕೂತ ಕೂಡಲೇ ಅದರ ಸುತ್ತಲಿನ ಕೋಶಗಳು ತಾವಾಗಿಯೇ ಸಾಯುತ್ತವೆ. ತಿನ್ನಲು ಏನೂ ಸಿಗದೆ ಮರಿಯೂ ಸಾಯುತ್ತದೆ. ಫಲ್ಗುಣ ತಳಿಯಲ್ಲಿದ್ದ ಜೀನ್ ಅಂಥದ್ದು, ಸಯಾಂ 29 ಅನ್ನುವ ತಳಿಯಿಂದ ಬಂದದ್ದು.

ಇನ್ನೊಂದು ಕಂದು ಜಿಗಿಹುಳು. ಗದ್ದೆಯ ನಡುವೆ ಸುಟ್ಟ ಹಾಗೆ ದುಂಡಗೆ ಒಣಗಿದ ಜಾಗ ಕಂಡರೆ ಅದರದ್ದೇ ಕೆಲಸ. ಕೇರಳದ ಕುಟ್ಟನಾಡಿನಲ್ಲಿ 1973-74ರಲ್ಲಿ ಇದು ದೊಡ್ಡ ಹಾನಿ ಮಾಡಿತ್ತು. ಇದನ್ನು ತಡೆಯುವ ಭತ್ತದ ಜೀನ್‌ಗಳಲ್ಲಿ ಮೊದಲು ಪೂರ್ತಿಯಾಗಿ ಹಿಡಿದದ್ದು 2009ರಲ್ಲಿ, ಚೀನಾದಲ್ಲಿ. ಆ ಜೀನ್ ಇರುವ ಭತ್ತ ಜಿಗಿಹುಳುವಿನ ಸೂಜಿ ಒಳಗೆ ಬಂದಾಗ ಸ್ಯಾಲಿಸಿಲಿಕ್ ದಾರಿಯನ್ನು ಎಬ್ಬಿಸಿ, ರಸದ ನಾಳದಲ್ಲಿ ಅಡೆ ಕಟ್ಟುತ್ತದೆ. ಹುಳು ಹೀರಿದರೂ ರಸ ಬರುವುದಿಲ್ಲ. ಅಂದರೆ ಬಿಳಿನೊಣಕ್ಕೆ ಲಾಭವಾದ ದಾರಿಯೇ ಇಲ್ಲಿ ಗಿಡಕ್ಕೆ ಲಾಭ. ಹಾಗಾಗಿಯೇ "ಯಾವ ಹಾರ್ಮೋನು ಒಳ್ಳೆಯದು" ಅಂತ ಕೇಳಿದವರಿಗೆ ನಾನು "ಯಾವ ಹುಳುವಿಗೆ, ಯಾವ ಗಿಡದಲ್ಲಿ" ಅಂತ ತಿರುಗಿ ಕೇಳುತ್ತೇನೆ.

ಇಂಥ ಜೀನ್‌ಗಳ ಆಯುಷ್ಯ ಮಾತ್ರ ದುಃಖದ ಕತೆ. ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆ 1973ರಲ್ಲಿ ಐಆರ್ 26 ಅನ್ನುವ ತಳಿ ಬಿಟ್ಟಿತು, ಜಿಗಿಹುಳು ತಡೆಯುವ ಒಂದೇ ಒಂದು ಜೀನ್ ಇಟ್ಟುಕೊಂಡು. ಎರಡು ಮೂರು ವರ್ಷದಲ್ಲಿ ಆ ಜೀನಿಗೆ ಜಗ್ಗದ ಹುಳುಗಳೇ ಗದ್ದೆ ತುಂಬಿದವು. ಫಲ್ಗುಣದ ಜೀನ್ ಕೂಡ 1980ರ ದಶಕದಲ್ಲಿ ಆಂಧ್ರದ ಕರಾವಳಿಯಲ್ಲಿ ಸೋತಿತು. ಅದೇ ಹೊತ್ತಿಗೆ ನಮ್ಮ ಪಕ್ಕದ ಕೇರಳದ ಪಟ್ಟಾಂಬಿಯ ಪಿಟಿಬಿ 33 ಅನ್ನುವ ತಳಿ ನೋಡಿ. ಒಂದಕ್ಕಿಂತ ಜಾಸ್ತಿ ಜೀನ್‌ಗಳ ಬಲ ಅದರಲ್ಲಿ ಇದೆ. ಜಿಗಿಹುಳುವಿನ ಎದುರು ಹೊಸ ತಳಿ ಕಟ್ಟುವವರು ಇವತ್ತಿಗೂ ಅದರ ಹತ್ತಿರ ಹೋಗುತ್ತಾರೆ. ಹಳೆಯ ತಳಿಯನ್ನು ಬೀಜಕ್ಕೆ ಉಳಿಸಿಕೊಳ್ಳಿ ಅಂತ ನಾನು ಎಲ್ಲಿ ಹೋದರೂ ಹೇಳುವುದು ಇದಕ್ಕೇ. ಮನುಷ್ಯ ಇಳುವರಿ ಮಾತ್ರ ನೋಡಿ ಆರಿಸಿದಾಗ ಕಾಪಾಡುವ ಜೀನ್ ಸದ್ದಿಲ್ಲದೆ ಕಳೆದುಹೋಗುತ್ತದೆ. ಅಮೆರಿಕದ ಎಷ್ಟೋ ಮೆಕ್ಕೆಜೋಳದ ತಳಿಗಳು, ಬೇರು ತಿನ್ನುವ ಹುಳುವಿನ ಶತ್ರುವನ್ನು ಕರೆಯುವ ವಾಸನೆಯನ್ನೇ ಕಳೆದುಕೊಂಡಿವೆ. ಆ ವಾಸನೆಯ ವಸ್ತು ನಮ್ಮ ಕಾಳುಮೆಣಸಿನಲ್ಲಿ ಧಾರಾಳವಾಗಿ ಇರುವಂಥದ್ದೇ.

ಈಗ ನಿಮ್ಮ ಕೊನೆಯ ಪ್ರಶ್ನೆ. ಇಷ್ಟೆಲ್ಲ ಇದ್ದೂ ಮದ್ದು ಯಾಕೆ?

ಯಾಕೆಂದರೆ ಈ ರಕ್ಷಣೆ ಪುಕ್ಕಟೆ ಅಲ್ಲ. ಹುಳುವಿನ ಹೊಟ್ಟೆ ಕೆಡಿಸುವ ಪ್ರೊಟೀನಿಗೆ ಹೋದ ಸಾರಜನಕ ಕಾಯಿಗೆ ಬರುವುದಿಲ್ಲ. ಹುಳು ಇಲ್ಲದಾಗ ಕಾಡು ಹೊಗೆಸೊಪ್ಪಿನ ಗಿಡಕ್ಕೆ ಜಾಸ್ಮೊನೇಟ್ ಕೊಟ್ಟು ನೋಡಿದ್ದಾರೆ. ಬೀಜ ಕಡಿಮೆಯಾಯಿತು. ಹಾಗಾಗಿ "ಜಾಸ್ಮೊನೇಟ್ ತಂದು ಸಿಂಪಡಿಸಿದರೆ ಆಗದಾ" ಅಂತ ಕೇಳಬೇಡಿ. ಹಾಗೆಂದು ಈ ಜೀನ್‌ಗಳು ಇಲ್ಲದಿದ್ದರೆ? ಅದನ್ನೂ ನೋಡಿದ್ದಾರೆ. 2004ರಲ್ಲಿ ಅದೇ ಹೊಗೆಸೊಪ್ಪಿನಲ್ಲಿ ಜಾಸ್ಮೊನಿಕ್ ದಾರಿಯ ಒಂದು ಜೀನ್ ಕೆಲಸ ಮಾಡದ ಹಾಗೆ ಮಾಡಿ ಬಯಲಿನಲ್ಲಿ ನೆಟ್ಟರು. ಅದುವರೆಗೆ ಆ ಗಿಡದ ತಂಟೆಗೇ ಬರದಿದ್ದ ಜಿಗಿಹುಳು ಬಂದು ಕೂತಿತು. ಗಿಡದ ಮೇಲೆ ಯಾವ ಹುಳು ಇಲ್ಲ ಅನ್ನುವುದರಲ್ಲೂ ಜೀನ್ ಕೆಲಸ ಇದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಇನ್ನೊಂದು ಕಾರಣ, ಗುಳ್ಳದ ದೊಡ್ಡ ಶತ್ರು ಎಲೆ ತಿನ್ನುವ ಹುಳು ಅಲ್ಲವೇ ಅಲ್ಲ. ಅದು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಬೆಳಿಗ್ಗೆ ಚೆನ್ನಾಗಿದ್ದ ಕುಡಿ ಮಧ್ಯಾಹ್ನಕ್ಕೆ ತಲೆ ಬಾಗಿದರೆ, ಅದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಸುರಂಗ, ಹಿಕ್ಕೆ, ತುದಿಯಲ್ಲಿ ನಸುಗೆಂಪು ಮರಿ. ಮೊಟ್ಟೆಯಿಂದ ಬಂದ ಕೆಲವೇ ಗಂಟೆಯಲ್ಲಿ ಅದು ಒಳಗೆ ಹೋಗಿಬಿಟ್ಟಿರುತ್ತದೆ. ಇದು ಹೆಚ್ಚುಕಡಿಮೆ ಬದನೆಯನ್ನೇ ನಂಬಿದ ಹುಳು. ಬದನೆಯ ವಿದ್ಯೆಗಳೆಲ್ಲ ಅದಕ್ಕೆ ಹಳೆಯ ಪರಿಚಯ. ಒಳಗಿರುವ ಹುಳುವಿಗೆ ಹೊರಗಿನಿಂದ ಬಿಟ್ಟ ಮದ್ದೂ ತಾಗುವುದಿಲ್ಲ, ಮದ್ದಿಗೆ ಸಾಯುವುದು ಅದನ್ನು ತಿನ್ನಲು ಬಂದ ಕಣಜ ಮತ್ತು ಜೇಡ. ಮದ್ದು ಜಾಸ್ತಿಯಾದ ಗದ್ದೆಯಲ್ಲೇ ಬಿಳಿನೊಣ ಏರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಇದೇ ಹುಳುವಿಗಾಗಿ ಬಿಟಿ ಬದನೆ ಬಂದದ್ದು, 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ತಡೆಹಿಡಿದದ್ದು ನಿಮ್ಮ ಊರಿನವರಿಗೆ ಚೆನ್ನಾಗಿ ನೆನಪಿರಬಹುದು. ಆಗ ಗುಳ್ಳದ ಹೆಸರೂ ಎಲ್ಲ ಕಡೆ ಓಡಾಡಿತು, 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಬಂತು. ಬಿಟಿ ಮತ್ತು ಇಲ್ಲಿ ಹೇಳಿದ್ದು ಬೇರೆ ಬೇರೆ. ಬಿಟಿಯಲ್ಲಿ ಬ್ಯಾಕ್ಟೀರಿಯಾದ ಜೀನ್ ಹಗಲು ರಾತ್ರಿ ನಡೆಯುತ್ತಲೇ ಇರುತ್ತದೆ, ಹುಳು ಬರಲಿ ಬಿಡಲಿ. ಗಿಡದ ಸ್ವಂತ ಜೀನ್ ಕರೆ ಬಂದಾಗ ಮಾತ್ರ ಏಳುತ್ತದೆ. ಬಿಳಿನೊಣದಂಥ ಹೀರುವ ಹುಳುವಿಗೆ ಬದನೆಯ ಆ ಬಿಟಿ ಜೀನ್ ಏನೂ ಮಾಡುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಬಾಗಿದ ಕುಡಿಯನ್ನು ಅದೇ ದಿನ ಚಿವುಟಿ ಗದ್ದೆಯಿಂದ ಹೊರಗೆ ಒಯ್ದು ಸುಡಿ. ಬದುವಿನ ಮೇಲೆ ಎಸೆದರೆ ಹುಳು ನಡೆದು ವಾಪಸ್ ಬರುತ್ತದೆ. ಕೊರೆಯುವ ಹುಳುವಿನ ಪತಂಗಕ್ಕೆ ಮೋಹಕ ಬಲೆ, ಬಿಳಿನೊಣಕ್ಕೆ ಹಳದಿ ಅಂಟು ಬಲೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿದರೆ ಎಕರೆಗೆ ಎಷ್ಟು ಅಂತ ಲೆಕ್ಕ ಕೊಡುತ್ತಾರೆ. ಯೂರಿಯಾ ಕೈ ಬಿಗಿ ಹಿಡಿಯಿರಿ. ಯೂರಿಯಾ ಜಾಸ್ತಿಯಾದ ಎಲೆ ಕಣ್ಣಿಗೆ ಚಂದ, ಹೀರುವ ಹುಳುವಿಗೆ ಹಬ್ಬ. ಬಿಳಿನೊಣ ಮೊದಲು ಕಂಡ ಒಂದೆರಡು ಗಿಡದ ಮೇಲೆಯೇ ಗಮನ ಇರಲಿ. ಎಲೆಯ ಅಡಿಭಾಗಕ್ಕೆ ಬೇವಿನ ಎಣ್ಣೆ ಸೋಪಿನ ನೀರಲ್ಲಿ ಕಲಸಿ ಸಿಂಪಡಿಸಿ, ತುಂಬಾ ಇದ್ದರೆ ಆ ಎಲೆ ಕಿತ್ತುಬಿಡಿ. ವಾಸನೆಯ ತಪ್ಪು ಸುದ್ದಿ ಹೊರಡುವುದು ಅಲ್ಲಿಂದಲೇ. ಎಲೆ ತಿನ್ನುವ ಹುಳು ನಾಲ್ಕು ತೂತು ಮಾಡಿದೆ ಅಂತ ಮಾತ್ರ ಮದ್ದು ಸಿಂಪಡಿಸಬೇಡಿ. ಆ ಗಿಡ ತನ್ನ ಕೆಲಸ ಶುರು ಮಾಡಿ ಆಗಿದೆ.

ಬೀಜದ ವಿಷಯ ಕೊನೆಗೆ ಇಟ್ಟಿದ್ದೇನೆ. 2012ರಲ್ಲಿ ಟೊಮೆಟೊ ಮತ್ತು ಅರಾಬಿಡಾಪ್ಸಿಸ್‌ನಲ್ಲಿ ಒಂದು ಸಂಗತಿ ಕಂಡುಬಂತು. ಮರಿಹುಳು ತಿಂದ ಗಿಡದ ಬೀಜದಿಂದ ಬಂದ ಸಸಿಗಳು ಮೊದಲೇ ಎಚ್ಚರವಾಗಿದ್ದವು. ಅವುಗಳನ್ನು ತಿಂದ ಹುಳುಗಳು ಬೇರೆ ಸಸಿ ತಿಂದ ಹುಳುಗಳ ಅರ್ಧದಷ್ಟೇ ಬೆಳೆದದ್ದೂ ಇತ್ತು. ಅರಾಬಿಡಾಪ್ಸಿಸ್‌ನಲ್ಲಿ ಈ ಎಚ್ಚರ ಮೊಮ್ಮಕ್ಕಳವರೆಗೆ ಉಳಿಯಿತು. ಜೀನಿನ ಅಕ್ಷರ ಬದಲಾಗಿರಲಿಲ್ಲ, ಅದನ್ನು ಎಬ್ಬಿಸುವ ಕ್ರಮ ಬೀಜದ ಜೊತೆ ಹೋಗಿತ್ತು. ಗುಳ್ಳದಲ್ಲಿ ಹೀಗೆ ಆಗುತ್ತದಾ ಅಂತ ನೋಡಲು ಲ್ಯಾಬು ಬೇಕಾಗಿಲ್ಲ, ನಿಮ್ಮ ಗದ್ದೆಯೇ ಸಾಕು. ಈ ಸಲ ಎಲೆ ತಿನ್ನಿಸಿಕೊಂಡೂ ಒಳ್ಳೆಯ ಕಾಯಿ ಕೊಟ್ಟ ನಾಲ್ಕೈದು ಗಿಡಕ್ಕೆ ಕೆಂಪು ನೂಲು ಕಟ್ಟಿ. ಹುಳು ಮುಟ್ಟದ ನಾಲ್ಕೈದಕ್ಕೆ ಬಿಳಿ ನೂಲು. ಎರಡರ ಬೀಜವನ್ನೂ ಬೇರೆ ಬೇರೆ ಬೂದಿಯಲ್ಲಿ ಕಲಸಿ ಇಡಿ. ಬರುವ ವರ್ಷ ಒಂದೇ ದಿನ, ಪಕ್ಕಪಕ್ಕದ ಸಾಲಿನಲ್ಲಿ ನೆಡಿ. ವಾರಕ್ಕೊಮ್ಮೆ ತೂತು ಬಿದ್ದ ಎಲೆಗಳನ್ನು ಎಣಿಸಿ ಬರೆದುಕೊಳ್ಳಿ. ಎಣಿಸುವ ಕೆಲಸ ಅಮ್ಮನಿಗೆ ಕೊಡಿ, ಯಾವ ಸಾಲು ಯಾವುದರದ್ದು ಅಂತ ಮಾತ್ರ ಅವರಿಗೆ ಮೊದಲೇ ಹೇಳಬೇಡಿ. ಆ ಲೆಕ್ಕ ನನಗೆ ಕಳುಹಿಸಿ.